ಮನೆಗೆ ಇನ್ನೊಂದು ಕೋಣೆ ಬೇಕು: ನೆಲಮಾಳಿಗೆಯೋ, ಮಹಡಿಯೋ, ಪಕ್ಕದ ಜಾಗವೋ?

ಮಕ್ಕಳು ಬೆಳೆದಿದ್ದಾರೆ, ಒಬ್ಬರು ಮನೆಯಿಂದಲೇ ಕೆಲಸ ಮಾಡುತ್ತಾರೆ, ವಯಸ್ಸಾದ ತಂದೆ ತಾಯಿ ಬಂದು ಜೊತೆಗಿರಬೇಕು. ಇದ್ದ ಮನೆ ಸಾಲುತ್ತಿಲ್ಲ. ಕೆಳಗೆ ಹಳೆಯ ಸಾಮಾನು ತುಂಬಿಕೊಂಡು ನೆಲಮಾಳಿಗೆ ಬಿದ್ದಿದೆ, ಮೇಲೆ ತಾರಸಿ ಇದೆ, ಪಕ್ಕದಲ್ಲಿ ಒಂದಿಷ್ಟು ಖಾಲಿ ನೆಲವೂ ಇದೆ. ಯಾವುದಕ್ಕೆ ಕೈಹಾಕುವುದು ಎಂಬ ಗೊಂದಲ ಅನೇಕರಿಗಿದೆ. ಹೆಚ್ಚಿನವರು ಚದರಡಿಗೆ ಎಷ್ಟು ಬೀಳುತ್ತದೆ ಎಂಬಲ್ಲಿಂದ ಶುರು ಮಾಡುತ್ತಾರೆ. ಆ ಲೆಕ್ಕದಲ್ಲಿ ನೆಲಮಾಳಿಗೆಯೇ ಗೆಲ್ಲುತ್ತದೆ. ಗೋಡೆ, ನೆಲ, ಸೂರು ಮೂರೂ ಆಗಲೇ ಇವೆಯಲ್ಲ! ಆದರೆ ಒಣಗಿರುವ ನೆಲಮಾಳಿಗೆ ಮಾತ್ರ ಅಗ್ಗ. ನೀರು ಜಿನುಗುವ ನೆಲಮಾಳಿಗೆಗೆ ಸುರಿಯುವ ದುಡ್ಡಿನಲ್ಲಿ ಕೆಲವೊಮ್ಮೆ ಮೇಲೆ ಒಂದು ಕೋಣೆ ಕಟ್ಟಬಹುದು. ಹಾಗಾಗಿ ದರದ ಪಟ್ಟಿ ಕೊನೆಗಿರಲಿ, ಮೊದಲು ಯಾವುದನ್ನು ನೋಡಿ ತೂಗಬೇಕು ಎನ್ನುವುದನ್ನು ಗೊತ್ತುಮಾಡಿಕೊಳ್ಳೋಣ.

ಯಾವುದನ್ನು ನೋಡಿ ತೂಗಬೇಕು

ಎಲ್ಲಕ್ಕಿಂತ ಮೊದಲು, ಆ ಕೋಣೆಯಲ್ಲಿ ಯಾರು, ಯಾವ ಹೊತ್ತಿನಲ್ಲಿ, ಏನು ಮಾಡುತ್ತಾರೆ ಎಂದು ಕೇಳಿಕೊಳ್ಳಿ. ರಾತ್ರಿ ಮಲಗುವ ಕೋಣೆಗೂ ಸಂಜೆ ಎರಡು ಗಂಟೆ ಸಿನಿಮಾ ನೋಡುವ ಕೋಣೆಗೂ ಒಂದೇ ನಿಯಮ ಸಲ್ಲದು. ನಿದ್ದೆಯಲ್ಲಿರುವವರಿಗೆ ಹೊಗೆಯಾಗಲಿ ನೀರಾಗಲಿ ಬಂದದ್ದು ತಡವಾಗಿ ತಿಳಿಯುತ್ತದೆ. ಮಲಗುವ ಕೋಣೆಗೆ ಮೆಟ್ಟಿಲು ಬಿಟ್ಟು ಇನ್ನೊಂದು ಹೊರದಾರಿ ಇರಲೇಬೇಕು. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲಾರೆ.

ಎರಡನೆಯದು ನೀರು. ಮೂರನೆಯದು ಬೆಳಕು ಮತ್ತು ಗಾಳಿ. ಆಮೇಲೆ ತಲೆಯ ಮೇಲಿನ ಎತ್ತರ: ಫಾಲ್ಸ್ ಸೀಲಿಂಗು, ನೆಲದ ಹೊಸ ಹಾಸು ಎಲ್ಲ ಆದ ಮೇಲೆ ಉಳಿಯುವ ಎತ್ತರ, ಈಗ ಟೇಪು ಹಿಡಿದಾಗ ಸಿಗುವ ಎತ್ತರವಲ್ಲ. ಮೇಲೆ ಕಟ್ಟುವುದಾದರೆ ಪಾಯ ಮತ್ತು ಪಿಲ್ಲರುಗಳ ತಾಳಿಕೆ. ಕೆಲಸ ನಡೆಯುವ ತಿಂಗಳುಗಳಲ್ಲಿ ಅದೇ ಮನೆಯಲ್ಲಿ ಇರಲು ಸಾಧ್ಯವೇ ಎಂಬುದೂ ಮುಖ್ಯ. ಬಾಡಿಗೆಗೆ ಬೇರೆ ಮನೆ ಹಿಡಿಯಬೇಕಾದರೆ ಅದೂ ಖರ್ಚಿನ ಭಾಗವೇ. ಕೊನೆಯದಾಗಿ ಪರವಾನಗಿ, ಮತ್ತು ಮುಂದೆ ಮಾರುವಾಗ ಆ ಜಾಗವನ್ನು ಕೊಳ್ಳುವವರು ಕೋಣೆಯೆಂದು ಎಣಿಸುತ್ತಾರೋ ಇಲ್ಲವೋ ಎಂಬುದು.

ಇದ್ದದ್ದನ್ನೇ ಮರುಹೊಂದಿಸುವುದು

ಜಾಗ ಸಾಲದು ಎನ್ನುವ ಮನೆಗಳಲ್ಲಿ ಹಲವಕ್ಕೆ ನಿಜವಾಗಿ ಬೇಕಿರುವುದು ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲು. ಹಾಲ್ ದೊಡ್ಡದಿದೆ, ಆದರೆ ಒಬ್ಬರು ಫೋನಿನಲ್ಲಿ ಮಾತಾಡಿದರೆ ಇನ್ನೊಬ್ಬರು ಓದುವಂತಿಲ್ಲ. ಊಟದ ಮೇಜಿನ ಜಾಗ ದಿನಕ್ಕೆ ಒಂದು ಗಂಟೆ ಮಾತ್ರ ಬಳಕೆಯಾಗುತ್ತದೆ. ಒಂದು ಕೋಣೆ ಪೂರ್ತಿ ಬೀರು, ಸೂಟ್‌ಕೇಸು, ಹಳೆಯ ಹಾಸಿಗೆಗಳ ಪಾಲಾಗಿದೆ. ಇಂಥಲ್ಲಿ ಒಂದು ಅಡ್ಡಗೋಡೆ, ಒಂದು ಜಾರುಬಾಗಿಲು, ಸೂರಿನವರೆಗೆ ಹೋಗುವ ಕಪಾಟು, ಇಷ್ಟರಲ್ಲೇ ಕೋಣೆ ಸಿಕ್ಕಿಬಿಡಬಹುದು. ಬೇರೆಲ್ಲ ದಾರಿಗಳಿಗಿಂತ ಕಡಿಮೆ ಖರ್ಚು, ಕಡಿಮೆ ದೂಳು, ಹೆಚ್ಚಿನ ಕಡೆ ಪರವಾನಗಿಯ ಓಡಾಟವೂ ಇಲ್ಲ.

ಎಚ್ಚರ ಬೇಕಾದದ್ದು ಗೋಡೆ ಒಡೆಯುವಾಗ. ಪಿಲ್ಲರ್ ಮತ್ತು ಬೀಮುಗಳ ಮೇಲೆ ನಿಂತ ಮನೆಯಲ್ಲಿ ಒಳಗೋಡೆ ಬರೀ ಮರೆಯಷ್ಟೇ ಆಗಿರಬಹುದು. ಗೋಡೆಯೇ ಭಾರ ಹೊರುವ ಮನೆಯಲ್ಲಿ ಅದೇ ಗೋಡೆ ಮೇಲಿನ ಸ್ಲ್ಯಾಬನ್ನು ಎತ್ತಿ ಹಿಡಿದಿರುತ್ತದೆ. ತಟ್ಟಿ ನೋಡಿ, ದಪ್ಪ ಅಳೆದು ಇದನ್ನು ತೀರ್ಮಾನಿಸಬಾರದು. ಮೇಸ್ತ್ರಿಯ ಅನುಭವ ದೊಡ್ಡದೇ, ಆದರೂ ಈ ಒಂದು ಮಾತನ್ನು ಸ್ಟ್ರಕ್ಚರಲ್ ಇಂಜಿನಿಯರ್ ಬಾಯಿಂದ ಕೇಳಿ, ಬರಹದಲ್ಲಿ ಪಡೆಯಿರಿ. ಮನೆ ಹಳೆಯದಾದರೆ ಇನ್ನೊಂದು ಮಾತು. ಕಲ್ನಾರಿನ (ಆಸ್ಬೆಸ್ಟಾಸ್) ಶೀಟು, ಸೀಸದ ಬಣ್ಣ ಇರುವ ಸಾಧ್ಯತೆಯಿದ್ದರೆ ಒಡೆಯುವ, ಉಜ್ಜುವ ಮುಂಚೆಯೇ ಪರೀಕ್ಷೆ ಮಾಡಿಸಿ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು 1978ರಲ್ಲೇ ನಿಷೇಧಿಸಿದರು. ಅದರ ದೂಳು ಚಿಕ್ಕ ಮಕ್ಕಳ ಮಿದುಳಿಗೆ ಮಾಡುವ ಹಾನಿಯೇ ಕಾರಣ.

ನೆಲಮಾಳಿಗೆ: ಮೊದಲು ನೀರಿನ ಪರೀಕ್ಷೆ

ನೆಲಮಾಳಿಗೆಯ ಗೋಡೆಯ ಆಚೆ ಮಣ್ಣಿದೆ, ಮಣ್ಣಿನಲ್ಲಿ ನೀರಿದೆ. ಮಳೆಗಾಲದಲ್ಲಿ ಆ ನೀರು ಗೋಡೆಯನ್ನೂ ನೆಲವನ್ನೂ ಒತ್ತುತ್ತದೆ. ಕಾಂಕ್ರೀಟು ಗಟ್ಟಿಯಾಗಿ ಕಂಡರೂ ತೇವವನ್ನು ಹೀರಿ ಒಳಗೆ ಬಿಡುತ್ತದೆ. ಒಳಗಡೆಯಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ಸಾಕು ಎನ್ನುವವರ ಮಾತು ನಂಬಬೇಡಿ. ಒತ್ತಡ ಹೊರಗಿಂದ ಬರುತ್ತದೆ, ಬಣ್ಣ ಒಳಗಿದೆ, ಹಿಂದಿನಿಂದ ತಳ್ಳಿಸಿಕೊಂಡ ಬಣ್ಣ ಒಂದು ದಿನ ಗುಳ್ಳೆಯೆದ್ದು ಕಿತ್ತು ಬರುತ್ತದೆ.

ಪರೀಕ್ಷೆ ಸುಲಭ, ನೀವೇ ಮಾಡಬಹುದು. ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬರಿಯ ಕಾಂಕ್ರೀಟ್ ನೆಲದ ಮೇಲೆ ಹರಡಿ, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಅಗಲದ ಟೇಪು ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು, ಒಂದೆರಡು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ ಬಗ್ಗಿ ನೋಡಿ. ಹಾಳೆಯ ಕೆಳಮೈಗೆ ಹನಿ ಕೂತಿದ್ದರೆ, ಅಥವಾ ಅದರಡಿಯ ಕಾಂಕ್ರೀಟು ಸುತ್ತಲಿನದಕ್ಕಿಂತ ಕಪ್ಪಗಾಗಿದ್ದರೆ, ತೇವ ನೆಲದೊಳಗಿಂದ ಏಳುತ್ತಿದೆ. ಹನಿ ಹಾಳೆಯ ಮೇಲ್ಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ, ತಣ್ಣನೆಯ ನೆಲ ತಾಗಿ ನೀರಾಗಿದೆ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಹೊರಗಿನ ನೀರನ್ನು ತಿರುಗಿಸಬೇಕು, ಎರಡನೆಯದಕ್ಕೆ ಗಾಳಿಯನ್ನು ಒಣಗಿಸಬೇಕು. ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ನೆಮ್ಮದಿಪಡಬೇಡಿ. ನಾಲ್ಕಾರು ದಿನ ಬಿಡದೆ ಮಳೆ ಸುರಿದ ಮೇಲೆ ಮಾಡಿ.

ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಂಡರೆ ಅದರ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಕರಗಿದರೆ ಉಪ್ಪು: ನೀರು ಗೋಡೆಯನ್ನು ಹಾದು ಬಂದು ಆರಿಹೋದ ಗುರುತು. ಕರಗದೆ ಹಾಗೇ ಉಳಿದರೆ ಬೂಷ್ಟು ಇರಬಹುದು. ಕಪಾಟು ಸರಿಸಿ ಅದರ ಹಿಂದಿನ ಗೋಡೆಯನ್ನೂ ನೋಡಿ, ಗಾಳಿಯಾಡದ ಕಡೆಯೇ ಬೂಷ್ಟು ಮೊದಲು ಹಿಡಿಯುವುದು.

ಸಮಾಧಾನದ ಸಂಗತಿಯೆಂದರೆ ಬಹಳಷ್ಟು ನೆಲಮಾಳಿಗೆಗಳಿಗೆ ನೀರು ಬರುವುದು ಅಂತರ್ಜಲದಿಂದಲ್ಲ, ನಮ್ಮದೇ ಸೂರಿನಿಂದ. 100 ಚದರ ಮೀಟರ್ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು. ತಾರಸಿಯ ಪೈಪು ಅದನ್ನೆಲ್ಲ ಗೋಡೆಯ ಬುಡಕ್ಕೇ ಸುರಿದರೆ ಅದು ಒಳಗೆ ಇಳಿಯದೆ ಎಲ್ಲಿಗೆ ಹೋದೀತು? ಪೈಪನ್ನು ಗೋಡೆಯಿಂದ ದೂರಕ್ಕೆ ಒಯ್ಯುವುದು, ಮನೆಯ ಸುತ್ತಲ ನೆಲವನ್ನು ಹೊರಕ್ಕೆ ಇಳಿಜಾರು ಮಾಡುವುದು (ಮೊದಲ 10 ಅಡಿಯಲ್ಲಿ 6 ಇಂಚು ಇಳಿಯಬೇಕೆನ್ನುವುದು ಕಟ್ಟಡ ನಿಯಮಗಳಲ್ಲಿರುವ ಅಳತೆ), ಗೋಡೆಗೆ ಹತ್ತಿಕೊಂಡ ಹೂವಿನ ಪಾತಿ ತೆಗೆಯುವುದು, ಇವೆಲ್ಲ ಸಣ್ಣ ಖರ್ಚಿನ ಕೆಲಸಗಳು. ಇವನ್ನು ಮಾಡಿ ಒಂದು ಮಳೆಗಾಲ ಕಾಯಿರಿ. ಆಗಲೂ ನೀರು ಬಂದರೆ ಗೋಡೆಯ ಹೊರಗೆ ಪಾಯದವರೆಗೆ ಅಗೆದು ನೀರು ತಡೆಯುವ ಪದರ ಹಾಕಬೇಕು, ಅಥವಾ ಒಳಗೆ ನೆಲದಂಚಿಗೆ ಚರಂಡಿ ಮಾಡಿ ಗುಂಡಿಗೆ ಹರಿಸಿ ಪಂಪಿನಿಂದ ಎತ್ತಬೇಕು. ಎರಡೂ ದೊಡ್ಡ ಖರ್ಚು. ಪಂಪಿನ ದಾರಿ ಹಿಡಿದವರಿಗೆ ಬ್ಯಾಟರಿ ಬೇಕೇ ಬೇಕು, ಏಕೆಂದರೆ ಜೋರು ಮಳೆಯ ರಾತ್ರಿಯೇ ಕರೆಂಟು ಹೋಗುತ್ತದೆ.

ನೀರನ್ನು ಗೆದ್ದ ಮೇಲೆ ಹೊರದಾರಿ. ಮಲಗುವ ಕೋಣೆಯ ಕಿಟಕಿಯ ಬಗ್ಗೆ ಅಮೆರಿಕದ ಬಹುತೇಕ ಕಡೆ ಅನುಸರಿಸುವ ವಸತಿ ಕಟ್ಟಡ ಸಂಹಿತೆ ಸ್ಪಷ್ಟವಾಗಿದೆ: ತೆರೆದಾಗ ಸಿಗುವ ಜಾಗ ಸಾಮಾನ್ಯವಾಗಿ 5.7 ಚದರಡಿಗೆ ಕಡಿಮೆಯಿರಬಾರದು, ಅಗಲ ಕನಿಷ್ಠ 20 ಇಂಚು, ಎತ್ತರ ಕನಿಷ್ಠ 24 ಇಂಚು, ನೆಲದಿಂದ ಕಿಟಕಿಯ ಕೆಳಂಚು 44 ಇಂಚಿಗಿಂತ ಮೇಲಿರಬಾರದು. ವಾಸದ ಕೋಣೆಗೆ ಎತ್ತರ ಕನಿಷ್ಠ 7 ಅಡಿ. ನೀವಿರುವ ಕಡೆ ನಿಯಮ ಬೇರೆಯಿದ್ದರೂ ಈ ಅಳತೆಗಳು ತಲೆಯಲ್ಲಿರಲಿ. ಕಿಟಕಿಯ ಅಳತೆಯೆಂದರೆ, ಬೆನ್ನಿಗೆ ಸಾಮಾನು ಹೊತ್ತ ಅಗ್ನಿಶಾಮಕ ಸಿಬ್ಬಂದಿ ಒಳಗೆ ಬರಲು ಬೇಕಾದಷ್ಟು ಜಾಗ ಅದು. ಕಿಟಕಿಗೆ ಕಂಬಿ ಹಾಕಿದರೆ ಒಳಗಿಂದ ಬೀಗದಕೈ ಇಲ್ಲದೆ ತೆರೆಯುವಂತಿರಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತದ ಮಳೆ ನ್ಯೂಯಾರ್ಕ್ ನಗರಕ್ಕೆ ಬಂದಾಗ ಸತ್ತವರಲ್ಲಿ ಹೆಚ್ಚಿನವರು ನೆಲಮಾಳಿಗೆಯ ಮನೆಗಳಲ್ಲಿದ್ದವರು. 2024ರ ಜುಲೈನಲ್ಲಿ ದೆಹಲಿಯಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಯ ಗ್ರಂಥಾಲಯಕ್ಕೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ತೀರಿಕೊಂಡರು. ನಿಮ್ಮ ಬೀದಿ ಮಳೆಯಲ್ಲಿ ತುಂಬಿ ಹರಿಯುವಂಥದ್ದಾದರೆ ಕೆಳಗೆ ಯಾರನ್ನೂ ಮಲಗಿಸಬೇಡಿ. ಎಷ್ಟೇ ಚೆನ್ನಾಗಿ ಮಾಡಿಸಿದರೂ ಬೇಡ.

ಗಾಳಿಯಲ್ಲಿ ಕಾಣದ ಅಪಾಯಗಳೂ ಇವೆ. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗಿಳಿದು ನೆಲಮಾಳಿಗೆಯಲ್ಲಿ ಮಡುಗಟ್ಟುತ್ತದೆ. ಸಿಲಿಂಡರು ಕೆಳಗೆ ಇಡಲೇಬಾರದು. ರೇಡಾನ್ ಎಂಬ ವಿಕಿರಣಶೀಲ ಅನಿಲ ಬಂಡೆ ಮಣ್ಣುಗಳಲ್ಲಿರುವ ಯುರೇನಿಯಂನಿಂದ ಹುಟ್ಟಿ ನೆಲದ ಬಿರುಕುಗಳ ಮೂಲಕ ಮೇಲೇಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಘನ ಮೀಟರಿಗೆ 100 ಬೆಕೆರಲ್ (ವಿಕಿರಣ ಅಳೆಯುವ ಮಾನ) ದಾಟದಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಳೆಯುವ ಸಾಧನ ಸಿಗುತ್ತದೆ. ಹೆಚ್ಚಿದ್ದರೆ ಸ್ಲ್ಯಾಬಿನಡಿಯಿಂದ ಪೈಪು ಎಳೆದು ಫ್ಯಾನಿನಿಂದ ತಾರಸಿಯ ಮೇಲೆ ಬಿಡುವ ವ್ಯವಸ್ಥೆಯೂ ಇದೆ. ಹೊಸ ನೆಲಹಾಸು ಹಾಕುವ ಮುಂಚೆ ಇದನ್ನು ಮಾಡಿದರೆ ಕೆಲಸ ಸಲೀಸು.

ಸಾಮಗ್ರಿ ಆರಿಸುವಾಗ ಒಂದು ದಿನ ನೀರು ಬಂದೇ ಬರುತ್ತದೆ ಎಂದುಕೊಂಡೇ ಆರಿಸಿ. ನೆಲಕ್ಕೆ ಟೈಲ್ಸ್ ಅಥವಾ ವಿನೈಲ್ ಸರಿ. ಲ್ಯಾಮಿನೇಟ್ ಹಲಗೆ ಉಬ್ಬುತ್ತದೆ. ಜಿಪ್ಸಮ್ ಬೋರ್ಡನ್ನು ನೆಲಕ್ಕೆ ತಾಗಿಸದೆ ಅರ್ಧ ಇಂಚು ಎತ್ತಿ ಕೂರಿಸಿ, ಇಲ್ಲವಾದರೆ ಅದು ನೆಲದ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಒದ್ದೆಯಾದದ್ದು 24ರಿಂದ 48 ಗಂಟೆಯೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಹಿಡಿಯುವುದಿಲ್ಲ. ಒಳಗಿನ ಆರ್ದ್ರತೆ ಶೇ 60ರ ಕೆಳಗಿರಲಿ, ಶೇ 30ರಿಂದ 50ರ ನಡುವೆ ಇದ್ದರೆ ಉತ್ತಮ. ಸೆಕೆಯ ದಿನಗಳಲ್ಲಿ ಗಾಳಿಯಾಡಲಿ ಎಂದು ಕಿಟಕಿ ತೆರೆದಿಟ್ಟರೆ ಹೊರಗಿನ ತೇವದ ಗಾಳಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಆ ಹೊತ್ತಿಗೆ ತೇವ ಹೀರುವ ಯಂತ್ರವೇ ಸರಿ.

ಕೆಳಗೆ ಬಚ್ಚಲು, ಶೌಚಾಲಯ ಬೇಕೆನ್ನುವವರು ಒಳಚರಂಡಿಯ ಪೈಪು ಯಾವ ಮಟ್ಟದಲ್ಲಿದೆ ಎಂದು ಮೊದಲು ನೋಡಿ. ಅದು ನಿಮ್ಮ ನೆಲಕ್ಕಿಂತ ಮೇಲಿದ್ದರೆ ಕೊಳೆನೀರನ್ನು ಪಂಪಿನಿಂದ ಎತ್ತಬೇಕು, ಮತ್ತು ಬೀದಿಯ ಚರಂಡಿ ಕಟ್ಟಿಕೊಂಡಾಗ ಹಿಂದಕ್ಕೆ ನುಗ್ಗದಂತೆ ತಡೆಯುವ ವಾಲ್ವು ಬೇಕು. ಎತ್ತರ ಸಾಲದೆಂದು ನೆಲ ಅಗೆದು ತಗ್ಗಿಸುವುದು ಪಾಯವನ್ನೇ ಮುಟ್ಟುವ ಕೆಲಸ. ಪಾಯದಡಿ ತುಂಡುತುಂಡಾಗಿ ಅಗೆದು ಕಾಂಕ್ರೀಟು ತುಂಬುತ್ತಾ ಹೋಗಬೇಕು. ಎತ್ತರ ಕಡಿಮೆಯಿರುವ ನೆಲಮಾಳಿಗೆಯನ್ನು ಉಗ್ರಾಣವಾಗಿಯೇ ಬಿಟ್ಟು, ಮೇಲಿನ ಒಂದು ಕೋಣೆಯ ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸಿ, ಆ ಕೋಣೆಯನ್ನು ಬಿಡಿಸಿಕೊಳ್ಳುವುದು ಎಷ್ಟೋ ವಾಸಿ.

ಇಷ್ಟೆಲ್ಲ ಪರೀಕ್ಷೆ ದಾಟಿದ ನೆಲಮಾಳಿಗೆ ಮಾತ್ರ ಚಿನ್ನದಂಥ ಜಾಗ. ಮಣ್ಣಿನ ಆಸರೆಯಿಂದ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಸಂಗೀತದ ಅಭ್ಯಾಸ, ವ್ಯಾಯಾಮ, ಸಿನಿಮಾ, ಮರಗೆಲಸ ಯಾವುದಕ್ಕೂ ಅಕ್ಕಪಕ್ಕದವರ ತಕರಾರಿಲ್ಲ. ಕೆಲಸ ನಡೆಯುವಾಗ ಮೇಲೆ ನೀವು ವಾಸವಾಗಿರಬಹುದು.

ಮೇಲಕ್ಕೆ ಹೋಗುವುದು

ಬೆಳಕು, ಗಾಳಿ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಿವೇಶನದ ಒಂದಡಿಯೂ ಕಳೆಯದೆ ಪೂರ್ತಿ ಮನೆಯಷ್ಟು ಜಾಗ ಸಿಗುತ್ತದೆ. ಆದರೆ ತೀರ್ಮಾನ ನಿಮ್ಮ ಕೈಯಲ್ಲಿಲ್ಲ, ಪಾಯದ ಕೈಯಲ್ಲಿದೆ. ಒಂದಂತಸ್ತಿಗೆಂದು ಹಾಕಿದ ಪಾಯಕ್ಕೆ ಎರಡನೆಯದನ್ನು ಹೊರಿಸಬಾರದು. ಮುಂದೆ ಕಟ್ಟೋಣವೆಂದು ತಾರಸಿಯಲ್ಲಿ ಬಿಟ್ಟ ಕಂಬಿಗಳು ವರ್ಷಗಟ್ಟಲೆ ಮಳೆಗೆ ನೆನೆದು ತುಕ್ಕು ಹಿಡಿದು ಸಣ್ಣಗಾಗಿರುತ್ತವೆ. ಅವಕ್ಕೇ ಹೊಸ ಕಂಬಿ ಕಟ್ಟುವ ಮುಂಚೆ ಇಂಜಿನಿಯರ್ ನೋಡಲಿ.

ಇಳಿಜಾರು ಚಾವಣಿಯ ಅಟ್ಟವನ್ನು ಕೋಣೆ ಮಾಡುವವರು ಭಾರದ ಲೆಕ್ಕ ಮರೆಯಬಾರದು. ಸಾಮಾನಿಡಲು ಮಾಡಿದ ಅಟ್ಟದ ತೊಲೆಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 100 ಕಿಲೋ ಲೆಕ್ಕದಲ್ಲಿ ಕೂರಿಸಿರುತ್ತಾರೆ. ಜನ ಓಡಾಡುವ ಕೋಣೆಗೆ ಅದರ ಹೆಚ್ಚುಕಡಿಮೆ ಎರಡರಷ್ಟು ತಾಳಿಕೆ ಬೇಕು. ಬಿಸಿಲು ನೇರ ಬಡಿಯುವ ಚಾವಣಿಯಡಿ ಶಾಖನಿರೋಧಕ ಇಲ್ಲದಿದ್ದರೆ ಮಧ್ಯಾಹ್ನ ಅಲ್ಲಿ ಕೂರಲಾಗದು.

ಮೆಟ್ಟಿಲು ತಿನ್ನುವ ಜಾಗವನ್ನೂ ಲೆಕ್ಕಕ್ಕೆ ಹಿಡಿಯಿರಿ. 10 ಅಡಿ ಎತ್ತರಕ್ಕೆ ಏಳೂವರೆ ಇಂಚಿನ 16 ಮೆಟ್ಟಿಲೇರಿಕೆ ಬೇಕು, ಅವುಗಳ ನಡುವಿನ 15 ಹೆಜ್ಜೆಗಳಿಗೆ ತಲಾ 10 ಇಂಚು ಹಿಡಿದರೆ ಉದ್ದ ಹನ್ನೆರಡೂವರೆ ಅಡಿ. 3 ಅಡಿ ಅಗಲವೆಂದರೂ ಕೆಳಗಿನ ಮನೆಯಿಂದ 37 ಚದರಡಿಗೂ ಮಿಕ್ಕಿ ಹೋಯಿತು. ಮೇಲಿನ ಕೋಣೆ ವಯಸ್ಸಾದವರಿಗಾದರೆ ಈ ದಾರಿ ಬಿಡಿ. ಇವತ್ತು ಹತ್ತುವ ಮೊಣಕಾಲು ಐದು ವರ್ಷದ ಮೇಲೆ ಹತ್ತಲಾರದು. ಮೇಲೆ ಕೆಲಸ ನಡೆಯುವಷ್ಟು ದಿನ ತಾರಸಿ ತೆರೆದಿರುತ್ತದೆ, ಕೆಳಗೆ ಸೋರುತ್ತದೆ, ಸದ್ದು ದಿನವಿಡೀ ಇರುತ್ತದೆ. ಚಿಕ್ಕ ಮಗುವೋ ಕಾಯಿಲೆಯವರೋ ಇದ್ದರೆ ಕೆಲವು ತಿಂಗಳು ಬೇರೆ ಕಡೆ ಇರಬೇಕಾಗಬಹುದು.

ಪಕ್ಕಕ್ಕೆ ಚಾಚುವುದು, ಗ್ಯಾರೇಜು ಮುಚ್ಚುವುದು

ಮೆಟ್ಟಿಲಿಲ್ಲದ, ಬೆಳಕಿರುವ, ಬಚ್ಚಲು ಹತ್ತಿರವಿರುವ ಕೋಣೆ ವಯಸ್ಸಾದವರಿಗೆ ಬೇಕಿದ್ದರೆ ಪಕ್ಕದ ವಿಸ್ತರಣೆಯೇ ನನ್ನ ಮೊದಲ ಸಲಹೆ. ಹೊಸ ಪಾಯ, ಹೊಸ ಗೋಡೆ, ಹೊಸ ಚಾವಣಿ ಎಲ್ಲ ಬೇಕಾದ್ದರಿಂದ ಚದರಡಿಗೆ ಬೀಳುವ ಖರ್ಚು ಹೆಚ್ಚು. ಹೊಸ ಪಾಯ ಮಣ್ಣಿನಲ್ಲಿ ಕೂರಲು ಹೊತ್ತು ಹಿಡಿಯುತ್ತದೆ, ಹಳೆಯದು ಆಗಲೇ ಕೂತಿರುತ್ತದೆ. ಎರಡನ್ನೂ ಬಿಗಿದರೆ ಸೇರುವಲ್ಲಿ ಬಿರುಕು ಖಂಡಿತ. ನಡುವೆ ಜಾಯಿಂಟ್ ಬಿಟ್ಟು, ಮಳೆ ಒಳಗಿಳಿಯದಂತೆ ಮುಚ್ಚಿ ಎಂದು ಮೇಸ್ತ್ರಿಗೆ ಮೊದಲೇ ಹೇಳಿ. ಹೊಸ ಕೋಣೆ ಹಳೆಯ ಕೋಣೆಯ ಕಿಟಕಿಯನ್ನು ನುಂಗುತ್ತದೆಯೇ ನೋಡಿ. ಒಂದು ಕೋಣೆ ಗಳಿಸಲು ಹೋಗಿ ನಡುಮನೆಯನ್ನು ಹಗಲೂ ದೀಪ ಹಚ್ಚುವಂತೆ ಮಾಡಿಕೊಂಡವರು ಬಹಳ. ಗಡಿಯಿಂದ ಬಿಡಬೇಕಾದ ಜಾಗದ ನಿಯಮ ಮೀರಿದರೆ ಕಟ್ಟಿದ್ದನ್ನು ಕೆಡವಬೇಕಾದೀತು.

ಗ್ಯಾರೇಜನ್ನು ಕೋಣೆ ಮಾಡುವುದು ನೆಲಮಾಳಿಗೆಯಷ್ಟೇ ಅಗ್ಗ, ತೇವದ ಕಾಟವೂ ಕಡಿಮೆ. ಅದರ ನೆಲ ಬಾಗಿಲ ಕಡೆಗೆ ಇಳಿಜಾರಾಗಿ, ಮನೆಯ ನೆಲಕ್ಕಿಂತ ತಗ್ಗಾಗಿ ಇರುವುದರಿಂದ ಎತ್ತರಿಸಿ ಮಟ್ಟ ಮಾಡಬೇಕು. ಕಾರು ನಿಲ್ಲಿಸಲು ಬೇರೆ ಜಾಗವಿಲ್ಲದ ಕಡೆ ಇದರಿಂದ ಮನೆಯ ಬೆಲೆ ಇಳಿಯಲೂಬಹುದು.

ಬೆಲೆಯ ಮಾತು

ನೆಲದ ಕೆಳಗಿನ ಜಾಗಕ್ಕೆ ನೆಲದ ಮೇಲಿನ ಬೆಲೆ ಸಿಗುವುದಿಲ್ಲ. ಅಮೆರಿಕದಲ್ಲಿ ಮನೆಯ ವಿಸ್ತೀರ್ಣ ಅಳೆಯಲು ಬಳಸುವ ಅನ್ಸಿ (ಅಲ್ಲಿನ ರಾಷ್ಟ್ರೀಯ ಮಾನದಂಡ ಸಂಸ್ಥೆ) ಮಾನದಂಡದ ಪ್ರಕಾರ ಒಂದು ಅಂತಸ್ತಿನ ಯಾವುದೇ ಭಾಗ ಮಣ್ಣಿನ ಮಟ್ಟದ ಕೆಳಗಿದ್ದರೂ ಇಡೀ ಅಂತಸ್ತನ್ನು ಪ್ರತ್ಯೇಕವಾಗಿ ತೋರಿಸಬೇಕು, ಮೇಲಿನ ವಾಸದ ವಿಸ್ತೀರ್ಣಕ್ಕೆ ಸೇರಿಸುವಂತಿಲ್ಲ. ಇನ್ನು ಎಷ್ಟೋ ಊರುಗಳಲ್ಲಿ ನೆಲಮಾಳಿಗೆಗೆ ಅನುಮತಿ ಸಿಗುವುದೇ ವಾಹನ ನಿಲುಗಡೆಗೆ, ಉಗ್ರಾಣಕ್ಕೆ. ಅಂಥಲ್ಲಿ ಮಾಡಿದ ಮಲಗುವ ಕೋಣೆ ಕಾಗದದ ಮೇಲೆ ಕೋಣೆಯೇ ಅಲ್ಲ; ಕೊಳ್ಳುವವರ ಬ್ಯಾಂಕೂ ವಿಮೆಯವರೂ ಅದನ್ನು ಒಪ್ಪುವುದಿಲ್ಲ. ಎರಡು ಮೂರು ವರ್ಷದಲ್ಲಿ ಮಾರುವ ಯೋಚನೆಯಿದ್ದರೆ ನೆಲದ ಮೇಲೆ, ಪರವಾನಗಿಯೊಂದಿಗೆ, ಒಂದು ಮಲಗುವ ಕೋಣೆ ಮತ್ತು ಬಚ್ಚಲು ಸೇರಿಸಿ. ಹತ್ತಾರು ವರ್ಷ ನೀವೇ ಇರುವುದಾದರೆ ಬೆಲೆಯ ಚಿಂತೆ ಹಿಂದಿಟ್ಟು ದಿನನಿತ್ಯದ ಬಳಕೆಗೆ ತಕ್ಕದ್ದನ್ನು ಮಾಡಿ.

ಯಾರಿಗೆ ಯಾವುದು

ಕೈಯಲ್ಲಿ ದುಡ್ಡು ಕಡಿಮೆ, ಮನೆಯಿಂದ ಕೆಲಸ ಮಾಡಲು ಸದ್ದಿಲ್ಲದ ಮೂಲೆ ಬೇಕು ಎಂದರೆ ಒಳಗಿನ ಮರುಹೊಂದಿಕೆ. ಒಂದು ಜೋರು ಮಳೆಗಾಲವನ್ನು ಒಣಗಿಯೇ ಕಳೆದ, 7 ಅಡಿ ಎತ್ತರ ಉಳಿಯುವ ನೆಲಮಾಳಿಗೆಯಿದ್ದು, ಬೇಕಿರುವುದು ಆಟಕ್ಕೋ ವ್ಯಾಯಾಮಕ್ಕೋ ಸಂಗೀತಕ್ಕೋ ಎಂದರೆ ಕಣ್ಣುಮುಚ್ಚಿ ಕೆಳಗೆ ಹೋಗಿ. ಅದೇ ನೆಲಮಾಳಿಗೆಯಲ್ಲಿ ಮಗಳು ಮಲಗಬೇಕು ಎಂದಾದರೆ ಹೊರಗೆ ಹತ್ತಿ ಹೋಗುವ ಕಿಟಕಿ ಅಥವಾ ಬಾಗಿಲಿನ ಖರ್ಚು ಸೇರಿಸಿ, ಆಮೇಲೆ ಮಹಡಿಯ ಖರ್ಚಿನೊಂದಿಗೆ ಹೋಲಿಸಿ. ಅಂತರ ಆಗ ಬಹಳ ಕಿರಿದಾಗಿರುತ್ತದೆ. ಪಾಯ ಗಟ್ಟಿಯಿದ್ದು ಬೆಳೆಯುವ ಕುಟುಂಬವಿದ್ದರೆ ಮಹಡಿ. ಹಿರಿಯರಿಗಾದರೆ ಪಕ್ಕದ ಕೋಣೆ.

ಯಾವುದನ್ನೇ ಆರಿಸಿದರೂ ಅಂದಾಜಿನ ಮೇಲೆ ಶೇ 15ರಿಂದ 20ರಷ್ಟು ಹಣ ಪಕ್ಕಕ್ಕಿಡಿ. ಗೋಡೆಯ ಹಿಂದೆ, ನೆಲದಡಿ ಏನಿದೆ ಎನ್ನುವುದು ಒಡೆದ ಮೇಲೆಯೇ ತಿಳಿಯುವುದು. ಮುಂಗಡ ಕೊಡುವ ಮೊದಲು ಗುತ್ತಿಗೆದಾರರಿಂದ ಮೂರು ಸಂಗತಿ ಬರೆಸಿಕೊಳ್ಳಿ: ಪರವಾನಗಿ ಯಾರು ತರಬೇಕು, ಹಂತ ಹಂತಕ್ಕೆ ಹಣ ಎಷ್ಟು, ಮತ್ತು ಕೆಲಸ ಮುಗಿದ ಮೇಲಿನ ಮೊದಲ ಮಳೆಗಾಲದಲ್ಲಿ ನೀರು ಬಂದರೆ ಯಾರ ಖರ್ಚಿನಲ್ಲಿ ಸರಿಪಡಿಸಬೇಕು. ಮೂರನೆಯದನ್ನು ಬರೆದುಕೊಡಲು ಒಪ್ಪದವರಿಗೆ ನೆಲಮಾಳಿಗೆಯ ಕೆಲಸ ಕೊಡಬೇಡಿ.